ಹಳೆ ಪೂಜೆ, ಹೊಸ ಪೂಜೆ, ಆರತಿ, ಗಿಟಾರ್: ಬೆಳಗಾವಿ ಸೀಮೆಯ ಕಥೋಲಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಧರ್ಮಕೇಂದ್ರಗಳಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಡೆಯುವ ವಾದಗಳೇ ಈ ಪುಟದ ಪ್ರಶ್ನೆಗಳು. ಇಲ್ಲಿ ‘ಪೂಜೆ’ ಅಂದರೆ ನಮ್ಮ ಜನ ಹೇಳುವ ಹಾಗೆ ಬಲಿಪೂಜೆ, ಇಂಗ್ಲಿಷಿನ ಮಾಸ್. ಯಾವ ಪಕ್ಷ ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ನಿಯಮ ಏನಿದೆ, ರೂಢಿ ಯಾವುದು, ಇವೆರಡನ್ನು ಜನ ಎಲ್ಲಿ ಕಲಸುತ್ತಾರೆ ಅನ್ನುವುದನ್ನು ಮಾತ್ರ ಹೇಳುತ್ತೇವೆ.

‘ಸಂಪ್ರದಾಯಸ್ಥ’, ‘ಉದಾರವಾದಿ’ ಅಂದರೆ ನಿಖರವಾಗಿ ಯಾರು?

ನಿಖರವಾಗಿ ಯಾರೂ ಅಲ್ಲ, ತೊಂದರೆ ಇರುವುದೇ ಅಲ್ಲಿ. ಈ ಎರಡು ಪದಗಳೊಳಗೆ ಐದು ಬೇರೆ ಬೇರೆ ಪ್ರಶ್ನೆಗಳನ್ನು ತುರುಕಿದ್ದಾರೆ. ಯಾವ ಪೂಜಾಗ್ರಂಥ, 1962ರದೋ 1970ರದೋ? ಯಾವ ಭಾಷೆ? ಗುರುಗಳು ಯಾವ ದಿಕ್ಕಿಗೆ ಮುಖ ಮಾಡಬೇಕು? ಆರತಿ, ದೀಪ, ಕಾವಿಯಂಥ ನಾಡಿನ ರೂಢಿ ಒಳಗೆ ಬರಬಹುದೋ ಇಲ್ಲವೋ? ಕೊನೆಯದು ಬೋಧನೆಯದು: ವಿವಾಹ, ಗರ್ಭನಿರೋಧ, ಮಹಿಳೆಯರ ಯಾಜಕತ್ವ ಇತ್ಯಾದಿ.

ಒಂದಕ್ಕೆ ‘ಹಳೆಯದೇ ಇರಲಿ’ ಎಂದವರು ಇನ್ನೊಂದಕ್ಕೂ ಹಾಗೇ ಅನ್ನುತ್ತಾರೆ ಎಂಬ ಖಾತ್ರಿ ಇಲ್ಲ. ಹೊಸ ಪೂಜೆಯನ್ನೇ ಲ್ಯಾಟಿನ್‌ನಲ್ಲಿ ಬಯಸುವವರಿದ್ದಾರೆ. ಕನ್ನಡ ಪೂಜೆಯಲ್ಲಿ ಆರತಿ ಎತ್ತಿ, ಗರ್ಭನಿರೋಧದ ವಿಷಯಕ್ಕೆ ಬಂದರೆ, ಕೃತಕ ವಿಧಾನ ಬೇಡ ಎಂದ 1968ರ ಪೋಪರ ಪತ್ರಕ್ಕೆ ಒಂದಕ್ಷರ ಬದಲಿಸಲು ಒಪ್ಪದವರೂ ಇದ್ದಾರೆ. ಆದ್ದರಿಂದ ಯಾರಾದರೂ ‘ಅವರು ಟ್ರ್ಯಾಡ್’ (ಸಂಪ್ರದಾಯಸ್ಥರು ಎಂಬುದರ ಇಂಗ್ಲಿಷ್ ಮೊಟಕು) ಅಂದಾಗ ‘ಐದರಲ್ಲಿ ಯಾವುದಕ್ಕೆ?’ ಎಂದು ಕೇಳಿ. ಅರ್ಧ ಜಗಳ ಅಲ್ಲೇ ಸಣ್ಣದಾಗುತ್ತದೆ.

ನಮ್ಮಜ್ಜಿ ಲದೀನ್, ನವೇನ, ಜಪಸರ ಬಿಡುವುದಿಲ್ಲ. ಅವರು ಸಂಪ್ರದಾಯಸ್ಥರಲ್ಲವೇ?

ಮನೆಮಾತಿನ ಅರ್ಥದಲ್ಲಿ ಹೌದು, ಈ ವಿವಾದದ ಅರ್ಥದಲ್ಲಿ ಅಲ್ಲ. ಗೋವಾದಿಂದ ಘಟ್ಟ ಹತ್ತಿ ಬಂದ ಕುಟುಂಬಗಳಲ್ಲಿ ಸಂಪ್ರದಾಯ ಅಂದರೆ ಶಿಲುಬೆಯ ಮುಂದೆ ಹಾಡುವ ಲದೀನ್ ಎಂಬ ಪ್ರಾರ್ಥನೆ, ಹಬ್ಬದ ಮುಂಚಿನ ಒಂಬತ್ತು ದಿನದ ನವೇನ. ಇವೆಲ್ಲ ಭಕ್ತಿಯ ಆಚರಣೆಗಳು. ಪೂಜಾವಿಧಿ ಬದಲಾದಾಗ ಇವುಗಳನ್ನು ಯಾರೂ ಮುಟ್ಟಲಿಲ್ಲ. ತಮಾಷೆಯೆಂದರೆ ಲದೀನಿನಲ್ಲಿ ಲ್ಯಾಟಿನ್ ಸಾಲುಗಳನ್ನು ಬಾಯಿಪಾಠ ಹಾಡುವ ಅಜ್ಜಿಗೆ ಚರ್ಚಿನಲ್ಲಿ ಕೊಂಕಣಿ ಪೂಜೆಯೇ ಬೇಕು. ಅವರನ್ನು ಯಾವ ಡಬ್ಬಿಗೆ ಹಾಕುತ್ತೀರಿ?

ಹಳೆ ಪೂಜೆಗೂ ಈಗಿನ ಪೂಜೆಗೂ ಭಾಷೆಯೊಂದೇ ವ್ಯತ್ಯಾಸವೇ?

ಅಲ್ಲ. ಭಾಷೆ ಎಲ್ಲಕ್ಕಿಂತ ಮೇಲಿನ ಪದರ, ಅಷ್ಟೇ. ‘ಹಳೆ ಪೂಜೆ’ ಅಂದರೆ ಟ್ರೆಂಟ್ ಮಹಾಸಭೆಯ ನಂತರ ಐದನೇ ಪಿಯುಸ್ 1570ರಲ್ಲಿ ಹೊರಡಿಸಿದ ಪೂಜಾಗ್ರಂಥದ ಪರಂಪರೆ. ಅದರ ಕೊನೆಯ ಆವೃತ್ತಿ ಇಪ್ಪತ್ತಮೂರನೇ ಜಾನ್ ಕಾಲದ 1962ರದು. ಈಗಿನದನ್ನು ಆರನೇ ಪೌಲ್ 1969ರ ಏಪ್ರಿಲ್ 3ರಂದು ಪ್ರಕಟಿಸಿದರು. ಅದು ಅದೇ ವರ್ಷದ ಆಗಮನ ಕಾಲದ ಮೊದಲ ಭಾನುವಾರ, ನವೆಂಬರ್ 30ರಿಂದ ಜಾರಿಗೆ ಬಂತು.

ಹಳೆಯದರಲ್ಲಿ ಗುರುಗಳು ಪೀಠದ ಮೆಟ್ಟಿಲ ಕೆಳಗೆ ನಿಂತು ಸೇವಕರೊಂದಿಗೆ 42ನೇ ಕೀರ್ತನೆ ಹೇಳಿ ಶುರುಮಾಡುತ್ತಾರೆ. ಪಾಪನಿವೇದನೆಯ ಪ್ರಾರ್ಥನೆಯನ್ನು ಗುರುಗಳು ಒಮ್ಮೆ, ಜನರ ಪರವಾಗಿ ಸೇವಕರು ಒಮ್ಮೆ ಹೇಳುತ್ತಾರೆ. ‘ಕೀರಿಯೆ’ (ಪ್ರಭುವೇ ದಯೆ ತೋರು) ಒಂಬತ್ತು ಸಲ. ಬಲಿಯರ್ಪಣೆಯ ಮುಖ್ಯ ಪ್ರಾರ್ಥನೆ ಒಂದೇ, ಅದೂ ಬಹುತೇಕ ಪಿಸುದನಿಯಲ್ಲಿ. ವಾಚನಗಳು ಒಂದೇ ವರ್ಷದ ಚಕ್ರದಲ್ಲಿ ತಿರುಗುತ್ತವೆ, ಭಾನುವಾರಗಳಲ್ಲಿ ಹಳೆ ಒಡಂಬಡಿಕೆಯ ಪಾಠ ಅಪರೂಪ. ಕೊನೆಯಲ್ಲಿ ಯೊವಾನ್ನನ ಶುಭಸಂದೇಶದ ಮೊದಲ ಭಾಗ ಓದಿ ಮುಗಿಸುತ್ತಾರೆ.

ಹೊಸದರಲ್ಲಿ ಮೆಟ್ಟಿಲ ಕೆಳಗಿನ ಕೀರ್ತನೆಯೂ ಕೊನೆಯ ಶುಭಸಂದೇಶವೂ ಇಲ್ಲ. ಬಲಿಯರ್ಪಣೆಯ ಪ್ರಾರ್ಥನೆಗಳು ನಾಲ್ಕಾದವು, ಆಮೇಲೆ ಇನ್ನೂ ಕೆಲವು ಸೇರಿದವು. ಭಾನುವಾರದ ವಾಚನಗಳಿಗೆ ಮೂರು ವರ್ಷದ ಚಕ್ರ, ವಾರದ ದಿನಗಳಿಗೆ ಎರಡು ವರ್ಷದ್ದು. ಜನ ಕೇಳಿಸಿಕೊಳ್ಳುವ ಬೈಬಲ್ ಭಾಗ ಬಹಳ ಹೆಚ್ಚಿತು. ಇದು ಹೊಸ ಗ್ರಂಥದ ದೊಡ್ಡ ಗಳಿಕೆ ಎಂದು ಹಳೆ ಪೂಜೆಯ ಅಭಿಮಾನಿಗಳಲ್ಲೂ ಅನೇಕರು ಒಪ್ಪುತ್ತಾರೆ. ಕಳೆದುಕೊಂಡದ್ದು ಮೌನ. ಈಗಿನ ಗ್ರಂಥದಲ್ಲೂ ಪರಮಪ್ರಸಾದದ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯ ಸ್ವೀಕಾರದ) ನಂತರ, ಉಪದೇಶದ ನಂತರ ಮೌನಕ್ಕೆ ಜಾಗವಿದೆ. ಆ ಜಾಗಕ್ಕೆ ಗಾಯನ ಮಂಡಳಿ ಇನ್ನೊಂದು ಹಾಡು ತುಂಬಿದರೆ ತಪ್ಪು ಗ್ರಂಥದ್ದಲ್ಲ.

ಎರಡನೇ ವ್ಯಾಟಿಕನ್ ಮಹಾಸಭೆ ಲ್ಯಾಟಿನನ್ನು ರದ್ದು ಮಾಡಿತಲ್ಲವೇ?

ಇಲ್ಲ. ಆ ಮಹಾಸಭೆ ಅಂದರೆ 1962ರಿಂದ 1965ರವರೆಗೆ ರೋಮಿನಲ್ಲಿ ಸೇರಿದ ಜಗತ್ತಿನ ಬಿಷಪ್ಪರ ಸಭೆ. ಪೂಜಾವಿಧಿಯ ಕುರಿತ ಅದರ ದಾಖಲೆ 1963ರ ಡಿಸೆಂಬರ್ 4ರಂದು ಹೊರಬಂತು; ಪರ 2,147 ಮತ, ವಿರುದ್ಧ 4. ಅದರ 36ನೇ ಕಲಮು ಲ್ಯಾಟಿನ್ ಉಳಿಸಿಕೊಳ್ಳಬೇಕು ಎನ್ನುತ್ತದೆ, ಜೊತೆಗೇ ಮಾತೃಭಾಷೆಗೆ ಹೆಚ್ಚು ಜಾಗ ಕೊಡಬಹುದು ಎನ್ನುತ್ತದೆ. 116ನೇ ಕಲಮು ಗ್ರೆಗೋರಿಯನ್ ಗಾಯನಕ್ಕೆ ಮೊದಲ ಸ್ಥಾನ ಕೊಡುತ್ತದೆ. ಒಂದು ಪಕ್ಷ ಮೊದಲರ್ಧ ಓದುತ್ತದೆ, ಇನ್ನೊಂದು ಎರಡನೇ ಅರ್ಧ. ಮಾತೃಭಾಷೆ ಪೂರ್ತಿ ಪೂಜೆಗೆ ಹರಡಿದ್ದು ಮಹಾಸಭೆಯ ಒಂದೇ ನಿರ್ಣಯದಿಂದಲ್ಲ, 1964ರಿಂದ 1970ರವರೆಗೆ ಹಂತಹಂತವಾಗಿ ಸಿಕ್ಕ ಅನುಮತಿಗಳಿಂದ.

ಗುರುಗಳು ಜನರಿಗೆ ಬೆನ್ನು ಹಾಕಿ ಪೂಜೆ ಮಾಡಬಹುದೇ?

‘ಬೆನ್ನು ಹಾಕುವುದು’ ಎಂಬ ಮಾತೇ ಒಂದು ಪಕ್ಷದ ಮಾತು. ಇನ್ನೊಂದು ಪಕ್ಷ ಅದನ್ನು ‘ಜನರೊಂದಿಗೆ ಪೂರ್ವಕ್ಕೆ ಮುಖ ಮಾಡುವುದು’ ಎನ್ನುತ್ತದೆ. ಮಹಾಸಭೆಯ 1963ರ ದಾಖಲೆಯಲ್ಲಿ ದಿಕ್ಕಿನ ಬಗ್ಗೆ ಒಂದು ವಾಕ್ಯವೂ ಇಲ್ಲ. ಪೀಠವನ್ನು ಗೋಡೆಯಿಂದ ಬಿಡಿಸಿ ಕಟ್ಟಿದರೆ ಸುತ್ತ ನಡೆದಾಡಬಹುದು, ಜನರ ಕಡೆ ಮುಖ ಮಾಡಿ ಪೂಜೆ ನಡೆಸಬಹುದು ಎಂದದ್ದು 1964ರ ಸೆಪ್ಟೆಂಬರಿನ ಸೂಚನೆ. ಈಗಿನ ಪೂಜಾಗ್ರಂಥದ ಸೂಚನೆಗಳಲ್ಲೇ ಕೆಲವೆಡೆ ‘ಗುರುಗಳು ಜನರ ಕಡೆ ತಿರುಗಿ’ ಎಂದಿದೆ. ಅದಕ್ಕೆ ಮುಂಚೆ ಅವರು ಬೇರೆ ಕಡೆ ನೋಡುತ್ತಿರಬಹುದು ಎಂಬುದು ಅದರಲ್ಲೇ ಅಡಗಿದೆ. ವ್ಯವಹಾರದಲ್ಲಿ ಮಾತ್ರ, ಧರ್ಮಾಧ್ಯಕ್ಷರ (ಬಿಷಪ್ಪರ) ಮನಸ್ಸು ತಿಳಿಯದೆ ಧರ್ಮಕೇಂದ್ರದ ಭಾನುವಾರದ ಪೂಜೆಯಲ್ಲಿ ಇದನ್ನು ಏಕಾಏಕಿ ಶುರುಮಾಡುವುದು ಜಾಣತನವಲ್ಲ.

ನಮಗೆ ಲ್ಯಾಟಿನ್ ಪೂಜೆ ಬೇಕು. ಏನು ಮಾಡಬೇಕು?

ಮೊದಲು ಯಾವ ಲ್ಯಾಟಿನ್ ಪೂಜೆ ಅನ್ನುವುದು ಗೊತ್ತಿರಲಿ. ದಾರಿಗಳು ಎರಡು, ಎರಡರ ಬಾಗಿಲೂ ಬೇರೆ.

ಹೊಸ ಪೂಜೆಯೇ ಲ್ಯಾಟಿನ್‌ನಲ್ಲಿ ಬೇಕಾದರೆ ದಾರಿ ಸುಲಭ. 2004ರಲ್ಲಿ ರೋಮ್ ಹೊರಡಿಸಿದ ಸೂಚನೆಯ 112ನೇ ಕಲಮಿನ ಪ್ರಕಾರ, ಜನರ ಭಾಷೆಯಲ್ಲಿ ಎಂದು ಮೊದಲೇ ನಿಗದಿಯಾದ ಪೂಜೆಗಳನ್ನು ಬಿಟ್ಟರೆ ಗುರುಗಳು ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ಲ್ಯಾಟಿನ್‌ನಲ್ಲಿ ಪೂಜೆ ಅರ್ಪಿಸಬಹುದು. ಅಂದರೆ ಭಾನುವಾರ ಏಳು ಗಂಟೆಯ ಕನ್ನಡ ಪೂಜೆಯನ್ನು ಕಸಿದುಕೊಳ್ಳುವಂತಿಲ್ಲ; ವಾರದ ಮಧ್ಯೆ ಒಂದು ಸಂಜೆ ಕೇಳಬಹುದು.

ಪೂರ್ತಿ ಪೂಜೆಗೆ ಕೈ ಹಾಕುವ ಮುಂಚೆ ‘ಸಾಂಕ್ತುಸ್’ (ಪವಿತ್ರರು), ‘ಆಞುಸ್ ದೇಯಿ’ (ದೇವರ ಕುರಿಮರಿ), ‘ಪಾತೆರ್ ನೋಸ್ತೆರ್’ (ನಮ್ಮ ತಂದೆಯೇ) ಮೂರನ್ನೇ ಕಲಿಸಿ. ಇದಕ್ಕೆಂದೇ ಆರನೇ ಪೌಲ್ 1974ರಲ್ಲಿ ಸರಳ ಗಾಯನಗಳ ಒಂದು ಕಿರುಹೊತ್ತಿಗೆಯನ್ನು ಎಲ್ಲ ಧರ್ಮಾಧ್ಯಕ್ಷರಿಗೂ ಕಳಿಸಿದ್ದರು. ಪೂಜೆಗೆ ಮುಂಚೆ ಹದಿನೈದು ನಿಮಿಷದಂತೆ ನಾಲ್ಕು ವಾರ ಸಾಕು. ಎಡವುವುದು ಮೂರು ಕಡೆ. ಮೊದಲನೆಯದು, ನಮ್ಮ ನಾಲಿಗೆ ಪದದ ಕೊನೆಗೆ ಉಕಾರ ಸೇರಿಸುತ್ತದೆ: ‘ದೋಮಿನುಸ್’ ಹೋಗಿ ‘ದೋಮಿನುಸು’ ಆಗಿ ತಾಳ ತಪ್ಪುತ್ತದೆ. ಹಾಳೆಯನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿ, ಅರ್ಧಾಕ್ಷರ ಸ್ಪಷ್ಟವಾಗಿರಲಿ. ‘ಎಕ್‌ಶೆಲ್ಸಿಸ್’, ‘ಚೇಲಿ’ ಎಂದು ಉಚ್ಚಾರದಂತೆ ಬರೆಯಿರಿ. ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದ್ದ ‘ಞ’ಗೆ ಇಲ್ಲಿ ಕೊನೆಗೂ ಕೆಲಸ ಸಿಗುತ್ತದೆ. ಎರಡನೆಯದು, ಕೀಬೋರ್ಡ್ ನುಡಿಸುವವರು ರಿದಮ್ ಹಾಕಿಬಿಡುತ್ತಾರೆ. ಈ ಗಾಯನಕ್ಕೆ ಅಳೆದ ತಾಳವಿಲ್ಲ, ಒಂದೇ ಸ್ವರ ಹಿಡಿದು ಬಿಡಿ. ಮೂರನೆಯದು, ಅರ್ಥ ಹೇಳದೆ ಹಾಡಿಸುವುದು. ಹಾಳೆಯ ಎಡಕ್ಕೆ ಲ್ಯಾಟಿನ್, ಬಲಕ್ಕೆ ಕನ್ನಡ ಇರಲಿ.

1962ರ ಹಳೆ ಪೂಜೆ ಬೇಕಾದರೆ ಬೇರೆ ಕಥೆ. 2007ರಲ್ಲಿ ಹದಿನಾರನೇ ಬೆನೆಡಿಕ್ಟ್ ಇದನ್ನು ಸಡಿಲಿಸಿದ್ದರು. ಅದನ್ನು ಒಂದೇ ರೋಮನ್ ವಿಧಿಯ ‘ಅಸಾಧಾರಣ ರೂಪ’ ಎಂದು ಕರೆದದ್ದೂ ಆಗಲೇ. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಅದನ್ನು ಹಿಂತೆಗೆದುಕೊಂಡು ಅನುಮತಿಯನ್ನು ಧರ್ಮಾಧ್ಯಕ್ಷರ ಕೈಗೆ ಕೊಟ್ಟರು. ಆ ಆದೇಶದಂತೆ ಧರ್ಮಕೇಂದ್ರದ ಚರ್ಚಿನೊಳಗೆ ಈ ಪೂಜೆ ನಡೆಸುವಂತಿಲ್ಲ, ವಿನಾಯಿತಿ ಬೇಕಾದರೆ 2023ರ ಫೆಬ್ರವರಿಯ ಸ್ಪಷ್ಟೀಕರಣದ ಪ್ರಕಾರ ರೋಮ್ ಕೊಡಬೇಕು. ವಾಚನಗಳು ಜನರ ಭಾಷೆಯಲ್ಲಿರಬೇಕು. 2021ರ ಜುಲೈ 16ರ ನಂತರ ಗುರುದೀಕ್ಷೆ ಪಡೆದವರಿಗೂ ರೋಮಿನ ಒಪ್ಪಿಗೆ ಬೇಕು. ಕೇಳುವ ಗುಂಪು ಹೊಸ ಪೂಜೆಯ ಸಿಂಧುತ್ವವನ್ನು ಅಲ್ಲಗಳೆಯುವಂತಿಲ್ಲ.

ಮನವಿ ಯಾರಿಗೆ? ಬೆಳಗಾವಿ, ಬಾಗಲಕೋಟೆಯವರು 1953ರ ಸೆಪ್ಟೆಂಬರ್ 19ರಂದು ಸ್ಥಾಪನೆಯಾದ ಬೆಳಗಾವಿ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಿಗೆ, ವಿಜಯಪುರದವರು 2005ರಲ್ಲಿ ರೂಪುಗೊಂಡ ಕಲಬುರಗಿ ಧರ್ಮಕ್ಷೇತ್ರಕ್ಕೆ. ಮನವಿಯಲ್ಲಿ ಯಾರು ಬರುತ್ತಾರೆ, ಯಾವ ಗುರುಗಳು ಒಪ್ಪಿದ್ದಾರೆ, ಯಾವ ಪ್ರಾರ್ಥನಾಮಂದಿರ, ತಿಂಗಳಿಗೆ ಎಷ್ಟು ಸಲ ಎಂಬುದಿರಲಿ. ಹೊಸ ಪೂಜೆಯನ್ನು ಬೈಯುವ ಒಂದು ಸಾಲು ಸೇರಿದರೂ ಮನವಿ ಅಲ್ಲಿಗೇ ಮುಗಿಯಿತು, ಯಾಕೆಂದರೆ ಧರ್ಮಾಧ್ಯಕ್ಷರು ಮೊದಲು ಪರೀಕ್ಷಿಸಬೇಕಾದ ಷರತ್ತೇ ಅದು.

ಹೊಸ ಪೂಜೆ ‘ಸಿಂಧು ಅಲ್ಲ’ ಎನ್ನುವವರಿದ್ದಾರೆ. ನಿಜವೇ?

ನಿಜವಲ್ಲ. ಇಲ್ಲಿ ಎರಡು ಮಾತು ಬೇರೆ ಮಾಡಿಕೊಳ್ಳಿ: ಸಿಂಧು ಮತ್ತು ಕ್ರಮಬದ್ಧ. ಹೊಲದ ಮಾತಿನಲ್ಲಿ ಹೇಳುವುದಾದರೆ, ಉತಾರದಲ್ಲಿ ನಿಮ್ಮ ಹೆಸರಿರುವುದು ಒಂದು, ಬದುವನ್ನು ಸರಿಯಾದ ಜಾಗದಲ್ಲಿ ಹಾಕಿರುವುದು ಇನ್ನೊಂದು. ಗುರುಗಳು ಒಂದು ಸೂಚನೆ ಮೀರಿದರೆ ಪೂಜೆ ಕ್ರಮ ತಪ್ಪಿದಂತಾಗುತ್ತದೆ. ಅಷ್ಟಕ್ಕೇ ಅದು ಪೂಜೆಯೇ ಅಲ್ಲ ಎಂದಾಗುವುದಿಲ್ಲ. ಜಗಳದ ಬಿಸಿಯಲ್ಲಿ ಜನ ಎರಡನ್ನೂ ಒಂದೇ ಮಾಡುತ್ತಾರೆ.

ಸಂತ ಹತ್ತನೇ ಪಿಯುಸ್ ಸಂಘದವರು ಕಥೋಲಿಕರೇ?

1970ರಲ್ಲಿ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆಬ್ರ್ ಸ್ಥಾಪಿಸಿದ ಸಂಘ. 1988ರ ಜೂನ್ 30ರಂದು ರೋಮಿನ ಅನುಮತಿ ಇಲ್ಲದೆ ನಾಲ್ವರನ್ನು ಧರ್ಮಾಧ್ಯಕ್ಷರಾಗಿ ಅಭಿಷೇಕಿಸಿದ್ದರಿಂದ ಬಹಿಷ್ಕಾರ ಬಂತು. ಆ ನಾಲ್ವರ ಬಹಿಷ್ಕಾರವನ್ನು 2009ರಲ್ಲಿ ತೆಗೆಯಲಾಯಿತು. ಫ್ರಾನ್ಸಿಸ್ ಅವರು ಈ ಗುರುಗಳು ಪಾಪನಿವೇದನೆ ಕೇಳುವುದಕ್ಕೆ ಅಧಿಕಾರವನ್ನು 2015ರಲ್ಲಿ ಕೊಟ್ಟು 2016ರಲ್ಲಿ ಮುಂದುವರಿಸಿದರು. 2017ರಲ್ಲಿ ಮದುವೆಗಳಿಗೂ ದಾರಿ ಮಾಡಿದರು. ಅಷ್ಟಾದರೂ ಸಂಘಕ್ಕೆ ಧರ್ಮಸಭೆಯೊಳಗೆ ಪೂರ್ಣ ಕಾನೂನು ಸ್ಥಾನ ಸಿಕ್ಕಿರಲಿಲ್ಲ. ಇವರನ್ನು ‘ಪೋಪರ ಪೀಠವೇ ಖಾಲಿ ಇದೆ’ ಎನ್ನುವ ಗುಂಪುಗಳ ಜೊತೆ ಸೇರಿಸಬೇಡಿ, ಅದು ಬೇರೆಯೇ ವಾದ. 1988ರಲ್ಲೇ ರೋಮಿನ ಜೊತೆ ಉಳಿದು ಹಳೆ ಪೂಜೆ ಇಟ್ಟುಕೊಂಡ ಸಂತ ಪೇತ್ರರ ಗುರುಸಂಘವೂ ಬೇರೆ.

ಪರಮಪ್ರಸಾದ ನಾಲಿಗೆಯ ಮೇಲೋ, ಕೈಯಲ್ಲೋ?

ನಾಲಿಗೆಯ ಮೇಲೆ ಸ್ವೀಕರಿಸುವ ಹಕ್ಕು ಯಾವಾಗಲೂ ಇದೆ. ಮೊಣಕಾಲೂರಿದ್ದಾರೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ನಿರಾಕರಿಸುವಂತಿಲ್ಲ. ಅನುಮತಿ ಇರುವಲ್ಲಿ ಕೈಯಲ್ಲಿ ಸ್ವೀಕರಿಸುವುದೂ ಅಷ್ಟೇ ಕ್ರಮಬದ್ಧ. ಆದ್ದರಿಂದ ‘ಕೈಯವರು ಉದಾರವಾದಿಗಳು’ ಎಂಬುದಕ್ಕೆ ನೆಲೆಯಿಲ್ಲ.

ಕೈಯಲ್ಲಾದರೆ ಬಲಗೈ ಮೇಲೆ ಎಡಗೈ ಅಂಗೈ ಮೇಲ್ಮುಖವಾಗಿ ಇಟ್ಟು, ಎದೆಯ ಎತ್ತರಕ್ಕೆ ಹಿಡಿಯಿರಿ. ಪ್ರಸಾದ ಅಂಗೈಗೆ ಬಂದ ಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕೊಟ್ಟವರ ಎದುರಿಗೇ ಸೇವಿಸಿ, ಅಂಗೈಯಲ್ಲಿ ಕಣ ಉಳಿದಿದೆಯೇ ನೋಡಿ. ಬೆರಳಿನಿಂದ ಚಿವುಟಿ ಎತ್ತಿಕೊಳ್ಳುವುದು, ನಡೆಯುತ್ತ ಬಾಯಿಗೆ ಹಾಕಿಕೊಳ್ಳುವುದು, ಬೆಂಚಿಗೆ ಒಯ್ಯುವುದು ತಪ್ಪು. ಬಲಗೈಯಲ್ಲೇ ಉಣ್ಣುವ ನಮ್ಮ ಜನ ಅಭ್ಯಾಸಬಲದಿಂದ ಬಲಗೈ ಮೇಲೆ ಮಾಡುತ್ತಾರೆ. ಆಗ ಎಡಗೈಯಿಂದ ಎತ್ತಬೇಕಾಗಿ ತಡವರಿಸುತ್ತಾರೆ. ಕೆಳಗೆ ಬೀಳುವುದು ಹೆಚ್ಚಾಗಿ ಆಗಲೇ. ರಸದಲ್ಲಿ ಅದ್ದಿದ ಪ್ರಸಾದವನ್ನು ಕೈಗೆ ಕೊಡುವಂತೆಯೇ ಇಲ್ಲ.

ನಾಲಿಗೆಯಾದರೆ ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿ ಚೆನ್ನಾಗಿ ತೆರೆದು, ನಾಲಿಗೆ ಕೆಳತುಟಿಯವರೆಗೆ ಚಾಚಿ, ಅಲುಗಾಡಬೇಡಿ. ಅರ್ಧ ತೆರೆದು ಮುಂದೆ ಬಾಗಿದರೆ ಗುರುಗಳ ಬೆರಳಿಗೆ ಎಂಜಲಾಗುತ್ತದೆ. ಮೊಣಕಾಲೂರುವವರು ಸಾಲಿನ ನಡುವೆ ಥಟ್ಟನೆ ಕೂತರೆ ಹಿಂದಿನವರು ಮುಗ್ಗರಿಸುತ್ತಾರೆ. ಒಂದು ಹೆಜ್ಜೆ ಜಾಗ ಬಿಟ್ಟು ಕೂರಿ, ಇಲ್ಲವೇ ಸಾಲಿನ ಕೊನೆಗೆ ಬನ್ನಿ.

ಪೂಜೆಗೆ ಮುಂಚೆ ಚಹಾ ಕುಡಿಯಬಹುದೇ?

ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚೆ ನಿಲ್ಲಿಸಿ. ಲೆಕ್ಕ ಪೂಜೆ ಶುರುವಾಗುವ ಹೊತ್ತಿನಿಂದಲ್ಲ, ಪ್ರಸಾದದಿಂದ. ನೀರು, ಔಷಧಿಗೆ ಅಡ್ಡಿಯಿಲ್ಲ. ಮೊದಲು ನಡುರಾತ್ರಿಯಿಂದ ಉಪವಾಸವಿತ್ತು, 1957ರಲ್ಲಿ ಮೂರು ಗಂಟೆಯಾಯಿತು, 1964ರಿಂದ ಒಂದು ಗಂಟೆ.

ಹೆಣ್ಣುಮಕ್ಕಳು ತಲೆಯ ಮೇಲೆ ಮುಸುಕು ಹಾಕಲೇಬೇಕೇ?

1917ರ ಧರ್ಮಸಂಹಿತೆಯಲ್ಲಿ (ಧರ್ಮಸಭೆಯ ಕಾನೂನು ಗ್ರಂಥದಲ್ಲಿ) ಆ ನಿಯಮವಿತ್ತು, 1983ರದರಲ್ಲಿ ಇಲ್ಲ. ಹಾಕಿದರೆ ಭಕ್ತಿ, ಹಾಕದಿದ್ದರೆ ಲೋಪವಲ್ಲ. ನಗರದ ಕೆಲವು ಯುವತಿಯರು ಆನ್‌ಲೈನಿನಲ್ಲಿ ತರಿಸಿದ ಬಿಳಿ ಲೇಸಿನ ಮುಸುಕು ಹಾಕಿದರೆ ‘ಟ್ರ್ಯಾಡ್’ ಎನ್ನುತ್ತಾರೆ. ಪಕ್ಕದಲ್ಲೇ ಇಳಕಲ್ ಸೀರೆಯ ಕೆಂಪು ಸೆರಗನ್ನು ತಲೆಯ ಮೇಲೆ ಹೊದ್ದು ಕೂತ ಹಳ್ಳಿಯ ಅವ್ವನಿಗೆ ಯಾರೂ ಯಾವ ಹೆಸರನ್ನೂ ಇಡುವುದಿಲ್ಲ. ಆಕೆ ಹಿರಿಯರ ಮುಂದೆ ಹೊದ್ದಂತೆಯೇ ದೇವರ ಮುಂದೆಯೂ ಹೊದ್ದಿದ್ದಾಳೆ.

ಪೂಜೆಯಲ್ಲಿ ಆರತಿ ಎತ್ತುವುದು ಯಾರ ಅಪ್ಪಣೆಯಿಂದ? ಅದು ಉದಾರವಾದಿಗಳ ಕೈವಾಡವೇ?

ಆರತಿಗೆ ರೋಮಿನದೇ ಒಪ್ಪಿಗೆ ಇದೆ. ಭಾರತದ ಧರ್ಮಾಧ್ಯಕ್ಷರು ಕೇಳಿದ ಹನ್ನೆರಡು ಅಂಶಗಳಿಗೆ 1969ರ ಏಪ್ರಿಲ್ 25ರಂದು ಒಪ್ಪಿಗೆ ಸಿಕ್ಕಿತು. ಪಾದರಕ್ಷೆ ಬಿಡುವುದು, ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಪಂಚಾಂಗ ಪ್ರಣಾಮ, ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಮೇಣದಬತ್ತಿಗೆ ಬದಲು ಎಣ್ಣೆ ದೀಪ, ಸರಳ ಧೂಪದ ಬಟ್ಟಲು, ಮೇಲಂಗಿಯ ಜೊತೆ ಶಾಲು, ಪೀಠದ ವಸ್ತ್ರದ ಜಾಗದಲ್ಲಿ ತಟ್ಟೆ, ಕಾಣಿಕೆಯ ವೇಳೆ ಮತ್ತು ಬಲಿಯರ್ಪಣೆಯ ಪ್ರಾರ್ಥನೆಯ ಕೊನೆಗೆ ಹೂವು, ಧೂಪ, ದೀಪದ ಆರತಿ. ಇವೆಲ್ಲ ಆ ಪಟ್ಟಿಯಲ್ಲಿವೆ. ಯಾವುದನ್ನು ಎಲ್ಲಿ ಬಳಸಬೇಕು ಎಂಬುದು ಧರ್ಮಾಧ್ಯಕ್ಷರ ತೀರ್ಮಾನ. ಈ ಕೆಲಸಕ್ಕೆ ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರ (ಎನ್‌ಬಿಸಿಎಲ್‌ಸಿ) ಮತ್ತು ಅದನ್ನು ಕಟ್ಟಿದ ಫಾದರ್ ಅಮಲೋರ್ಪವದಾಸ್ ಅವರ ಹೆಸರು ಅಂಟಿಕೊಂಡಿದೆ.

ಗೆರೆಯನ್ನೂ ರೋಮೇ ಎಳೆಯಿತು. ಪೂಜೆಯೊಳಗೆ ಬೈಬಲ್ ಅಲ್ಲದ ಗ್ರಂಥಗಳ ವಾಚನ ಮತ್ತು ಭಾರತಕ್ಕೆಂದೇ ರಚಿಸಿದ ಬಲಿಯರ್ಪಣೆಯ ಪ್ರಾರ್ಥನೆ ಬೇಡ ಎಂದು 1975ರಲ್ಲಿ ಪತ್ರ ಬಂತು. ಹಾಗಾಗಿ ‘ಆರತಿಯೇ ತಪ್ಪು’ ಎಂಬುದೂ ಸುಳ್ಳು, ‘ಒಳಗೆ ಏನು ಬೇಕಾದರೂ ಸೇರಿಸಬಹುದು’ ಎಂಬುದೂ ಸುಳ್ಳು. ಮೂರನೆಯ ಆಕ್ಷೇಪವೊಂದಿದೆ, ಅದನ್ನು ಎರಡೂ ಪಕ್ಷ ಮರೆಯುತ್ತವೆ: ದಲಿತ ಕ್ರೈಸ್ತರಲ್ಲಿ ಅನೇಕರು ‘ಭಾರತೀಯ ಎಂದು ನೀವು ತರುತ್ತಿರುವುದು ಮೇಲ್ಜಾತಿಯ ಗುಡಿಯ ಪೂಜೆಯಲ್ಲವೇ’ ಎಂದು ಕೇಳುತ್ತಾರೆ. ಇದು ಲ್ಯಾಟಿನಿನ ಹಂಬಲದಿಂದ ಬಂದ ಪ್ರಶ್ನೆಯಲ್ಲ, ಗುಡಿಯ ಬಾಗಿಲಲ್ಲಿ ತಡೆಯಲ್ಪಟ್ಟ ನೆನಪಿನಿಂದ ಬಂದದ್ದು.

ಆರತಿ ಚೆಂದವಾಗಿ ಆಗಬೇಕಾದರೆ?

ಮೂರು ತಟ್ಟೆ, ಮೂವರು. ಪ್ರಾರ್ಥನೆಯ ಕೊನೆಯ ಸ್ತುತಿಯನ್ನು ಗುರುಗಳೇ ಹೇಳಬೇಕು. ಅದರ ಮೇಲೆ ಗಾಯನ ಮಂಡಳಿ ಹಾಡು ಏರಿಸಿದರೆ ಇಡೀ ಪ್ರಾರ್ಥನೆಯ ತುದಿಯೇ ಕೇಳಿಸದೆ ಹೋಗುತ್ತದೆ. ಸ್ತುತಿ ಮುಗಿದು ‘ಆಮೆನ್’ ಹಾಡುವಾಗ ಆರತಿ ಎತ್ತಿ. ಬಲಕ್ಕೆ ಮೂರು ಸುತ್ತು ಸಾಕು, ಒಂದು ನಿಮಿಷದೊಳಗೆ ಮುಗಿಯಲಿ. ಎತ್ತುವವರು ಪೀಠದ ನೇರ ಮುಂದೆ ಸಾಲಾಗಿ ನಿಂತರೆ ಜನರಿಗೆ ಅವರ ಬೆನ್ನು ಬಿಟ್ಟು ಬೇರೇನೂ ಕಾಣದು. ಎರಡು ಬದಿಗೆ ಓರೆಯಾಗಿ ನಿಲ್ಲಿಸಿ.

ಕರ್ಪೂರ ಬೇಡ. ಉರಿ ಒಮ್ಮೆಗೇ ಏಳುತ್ತದೆ, ಗಾಳಿಗೆ ಓರೆಯಾಗುತ್ತದೆ, ಪೀಠದ ಹೊದಿಕೆಯೂ ನೈಲಾನ್ ದುಪಟ್ಟಾವೂ ಹತ್ತಿರದಲ್ಲೇ ಇರುತ್ತವೆ. ಹತ್ತಿಬತ್ತಿಯನ್ನು ಎಣ್ಣೆಯಲ್ಲಿ ಮೊದಲೇ ನೆನೆಸಿ, ಹಣತೆಗೆ ಎರಡು ಚಮಚ ಎಣ್ಣೆ ಹಾಕಿ. ತುಂಬಿಸಿದರೆ ಸುತ್ತು ಹಾಕುವಾಗ ತುಳುಕುತ್ತದೆ. ಆರತಿಗೆ ಮುಂಚೆ ಪೀಠದ ಮೇಲಿನ ಫ್ಯಾನ್ ಆರಿಸಿ. ಇದನ್ನು ಮರೆತರೆ ದೀಪ ಆರುವುದು ಸಣ್ಣ ವಿಷಯ, ಧೂಪದ ಬೂದಿ ಹಾರಿ ಪಾತ್ರೆಗೆ ಬೀಳುವುದು ದೊಡ್ಡ ವಿಷಯ.

ದೇಶನೂರಿನ ಮಠ ಕಥೋಲಿಕರದ್ದೇ?

ಹೌದು. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿರುವ ಸ್ನಾನಿಕ ಅರುಳಪ್ಪನವರ ವಿರಕ್ತ ಮಠ ಯೇಸುಸಭೆಯ (ಜೆಸ್ವಿಟ್) ಗುರುಗಳದ್ದು. ಸ್ನಾನಿಕ ಅರುಳಪ್ಪ ಅಂದರೆ ಸ್ನಾನಿಕ ಯೊವಾನ್ನ. ಕಾವಿ ಉಡುಗೆ, ಶಾಕಾಹಾರ, ಈ ಭಾಗದ ಲಿಂಗಾಯತ ಮಠಗಳ ನಡೆನುಡಿ. ಹಳೆ ಪೂಜೆಯವರಿಗೆ ಇದು ಅತಿಯಾಯಿತು ಅನಿಸುತ್ತದೆ, ಹೊರಗಿನ ಕೆಲವರಿಗೆ ವೇಷ ಅನಿಸುತ್ತದೆ.

ಈ ಜಗಳ ಹೊಸದಲ್ಲ. ಮಧುರೆಯಲ್ಲಿ ಯೇಸುಸಭೆಯ ಇಟಲಿಯ ಗುರು ರಾಬರ್ಟೊ ದೆ ನೊಬಿಲಿ ಜನಿವಾರ, ಜುಟ್ಟು, ಗಂಧಕ್ಕೆ ಅವಕಾಶ ಕೇಳಿದಾಗ 1623ರಲ್ಲಿ ಪೋಪರು ಒಪ್ಪಿದರು. 1744ರಲ್ಲಿ ಇನ್ನೊಬ್ಬ ಪೋಪರು ಅಂಥ ರೂಢಿಗಳನ್ನು ಬಿಗಿಮಾಡಿ ಮಿಷನರಿಗಳಿಂದ ಪ್ರಮಾಣ ಮಾಡಿಸಿದರು. ಆ ಪ್ರಮಾಣ ಹೋದದ್ದು 1940ರಲ್ಲಿ. ಅಂದರೆ ‘ಸಂಪ್ರದಾಯ’ ಅಂದಾಗ 1623ರದೋ 1744ರದೋ ಎಂದೂ ಕೇಳಬೇಕಾಗುತ್ತದೆ.

ವಿಜಯಪುರದವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 1637ರಲ್ಲಿ ರೋಮ್ ಗೋವಾ ಮೂಲದ ಮತೆಯುಸ್ ದೆ ಕಾಸ್ತ್ರೊ ಅವರನ್ನು ‘ಇದಲ್ಕಾನ್’ ಸೀಮೆಗೆ, ಅಂದರೆ ಆದಿಲಶಾಹಿ ರಾಜ್ಯಕ್ಕೆ, ತನ್ನ ಪ್ರತಿನಿಧಿ ಧರ್ಮಾಧ್ಯಕ್ಷರಾಗಿ ನೇಮಿಸಿತು. ಪೋರ್ಚುಗೀಸ್ ರಾಜನ ಹಕ್ಕು ಹಿಡಿದು ಗೋವಾದವರು ಅವರನ್ನು ಒಪ್ಪಲಿಲ್ಲ. ಯಾರ ಅಧಿಕಾರ ನಿಜ, ಯಾರು ಕೊಟ್ಟ ದೀಕ್ಷೆ ನಡೆಯುತ್ತದೆ ಎಂದು ಈ ಸೀಮೆಯ ಹೆಸರಿನಲ್ಲಿ ಆಗಲೇ ಕಾದಾಡಿದ್ದರು.

ಜೋಳದ ರೊಟ್ಟಿಯಲ್ಲಿ, ಮನೆಯ ದ್ರಾಕ್ಷಿ ವೈನಿನಲ್ಲಿ ಪೂಜೆ ಮಾಡಿದರೆ?

ಆಗುವುದಿಲ್ಲ, ಇಲ್ಲಿ ಧರ್ಮಾಧ್ಯಕ್ಷರ ವಿವೇಚನೆಗೂ ಜಾಗವಿಲ್ಲ. ಧರ್ಮಸಂಹಿತೆಯ 924ನೇ ಕಲಮು: ರೊಟ್ಟಿ ಬರೀ ಗೋಧಿಯದು, ಇತ್ತೀಚೆಗೆ ಮಾಡಿದ್ದು, ರಸ ದ್ರಾಕ್ಷಿಯ ಸಹಜ ವೈನ್, ಕೆಡದ್ದು. ರೋಮನ್ ವಿಧಿಯಲ್ಲಿ ರೊಟ್ಟಿಗೆ ಹುಳಿ ಹಾಕುವಂತಿಲ್ಲ. ಜೋಳದ್ದಾದರೆ ಅದು ಕ್ರಮ ತಪ್ಪುವುದಲ್ಲ, ಸಿಂಧುವೇ ಅಲ್ಲ. ಜೋಳ ಉಣ್ಣುವ ನಾಡಿಗೆ ಗೋಧಿಯೇ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಧರ್ಮಸಭೆಯ ಉತ್ತರ, 'ಕೊನೆಯ ಭೋಜನದಲ್ಲಿ ಪ್ರಭು ಬಳಸಿದ್ದು ಅದು' ಎಂಬುದು. ಗೋಧಿಯ ಅಂಟು ಒಗ್ಗದವರಿಗೆ ಅಂಟು ತೀರ ಕಡಿಮೆ ಇರುವ ರೊಟ್ಟಿಗೆ ಅವಕಾಶವಿದೆ, ಪೂರ್ತಿ ಅಂಟಿಲ್ಲದ್ದಕ್ಕೆ ಇಲ್ಲ.

ವಿಜಯಪುರದ ದ್ರಾಕ್ಷಿಯಿಂದ ಮಾಡಿದ ವೈನಿಗೆ ತತ್ವದಲ್ಲಿ ಅಡ್ಡಿಯಿಲ್ಲ. ಕ್ರಿಸ್‌ಮಸ್ಸಿಗೆ ಮನೆಯಲ್ಲಿ ಮಾಡುವುದು ಮಾತ್ರ ಪೀಠಕ್ಕೆ ಬಾರದು: ಅದರಲ್ಲಿ ದ್ರಾಕ್ಷಿಯ ಸಮಕ್ಕೆ ಸಕ್ಕರೆ, ಮುಷ್ಟಿ ಗೋಧಿ, ಚಕ್ಕೆ, ಲವಂಗ ಇರುತ್ತವೆ. ಅದನ್ನು ಕೇಕಿನ ಜೊತೆಗಿಡಿ.

ಕನ್ನಡ, ಕೊಂಕಣಿ, ಮರಾಠಿ, ಇಂಗ್ಲಿಷ್ ಜಗಳಕ್ಕೆ ಲ್ಯಾಟಿನೇ ಪರಿಹಾರವೇ?

ಯಾರಿಗೂ ತಿಳಿಯದ ಭಾಷೆ ಎಲ್ಲರಿಗೂ ಸಮ ಎಂಬ ವಾದ ಕೇಳಲು ಚೆನ್ನ. ಆದರೆ ಗಡಿ ಜಿಲ್ಲೆಯ ಭಾಷಾ ಜಗಳ ವಾಸ್ತವವಾಗಿ ಹೊತ್ತಿನ ಜಗಳ: ಭಾನುವಾರ ಬೆಳಗಿನ ಒಳ್ಳೆಯ ಹೊತ್ತು ಯಾರ ಭಾಷೆಗೆ, ಹಬ್ಬದ ಮುಖ್ಯ ಪೂಜೆ ಯಾರದು. ಉಪದೇಶವನ್ನಂತೂ ಲ್ಯಾಟಿನ್‌ನಲ್ಲಿ ಕೊಡಲಾಗದು. ಸಾಧ್ಯವಾದದ್ದು ಇಷ್ಟು: ಮೂರು ಭಾಷೆಯವರು ಒಟ್ಟು ಸೇರುವ ಹಬ್ಬದ ಪೂಜೆಯಲ್ಲಿ ಎಲ್ಲರೂ ಹಾಡುವ ನಾಲ್ಕು ಭಾಗ ಲ್ಯಾಟಿನ್‌ನಲ್ಲಿ, ವಾಚನಗಳು ಒಂದೊಂದು ಭಾಷೆಯಲ್ಲಿ. ಒಂದೇ ವಾಚನವನ್ನು ಮೂರು ಭಾಷೆಯಲ್ಲಿ ಓದಿಸಬೇಡಿ, ಮಕ್ಕಳು ಅಂಗಳಕ್ಕೆ ಓಡುತ್ತಾರೆ.

ಗಿಟಾರ್, ತಬಲಾ, ಹಾರ್ಮೋನಿಯಂ ನಡೆಯುತ್ತವೆಯೇ?

ನಡೆಯುತ್ತವೆ. 1963ರ ದಾಖಲೆಯ 120ನೇ ಕಲಮು ಪೈಪ್ ಆರ್ಗನ್ನನ್ನು ಹೊಗಳಿ, ಪವಿತ್ರ ಬಳಕೆಗೆ ಹೊಂದುವ ಬೇರೆ ವಾದ್ಯಗಳಿಗೂ ಅವಕಾಶ ಕೊಡುತ್ತದೆ. 1903ರಲ್ಲಿ ಹತ್ತನೇ ಪಿಯುಸ್ ಪಿಯಾನೊವನ್ನೇ ನಿಷೇಧಿಸಿದ್ದರು! ವಾದ್ಯಕ್ಕಿಂತ ಹೆಚ್ಚು ತೊಂದರೆ ಕೊಡುವುದು ಸ್ಪೀಕರು. ಹಳ್ಳಿಯ ಭಜನೆಯ ಪೆಟ್ಟಿಗೆ ಮತ್ತು ತಾಳಕ್ಕೆ ಮೈಕಿನ ಅಗತ್ಯವೇ ಇರುವುದಿಲ್ಲ.

ಧ್ಯಾನಕೂಟಗಳಿಗೆ ಹೋಗುವವರು ಯಾವ ಪಕ್ಷ?

ಯಾವುದೂ ಅಲ್ಲ. 1967ರಲ್ಲಿ ಅಮೆರಿಕದಲ್ಲಿ ಶುರುವಾದ ಕರಿಸ್ಮಾಟಿಕ್ ಚಳವಳಿಯವರು ಕೈಯೆತ್ತಿ ಚಪ್ಪಾಳೆ ತಟ್ಟಿ ಹಾಡುತ್ತಾರೆ, ಅಷ್ಟೇ ಬಿಗಿಯಾಗಿ ಜಪಸರ, ಉಪವಾಸ, ಪಾಪನಿವೇದನೆ ಪಾಲಿಸುತ್ತಾರೆ. ಎರಡು ಡಬ್ಬಿಯ ಲೆಕ್ಕ ಮುರಿಯುವುದು ಇಲ್ಲಿಯೇ.

ನಮ್ಮ ಮಲಯಾಳಿ ನೆರೆಯವರೂ ದಿಕ್ಕಿನ ಬಗ್ಗೆ ಜಗಳಾಡುತ್ತಾರೆ. ಅದೂ ಇದೇ ವಿಷಯವೇ?

ಅಲ್ಲ. ಅವರು ಸಿರೋ ಮಲಬಾರ್ ವಿಧಿಯವರು, ಅವರ ಪೂಜೆಯೇ ಬೇರೆ. ವಾಚನಗಳ ಭಾಗ ಜನರ ಕಡೆಗೆ, ಬಲಿಯರ್ಪಣೆ ಪೀಠದ ಕಡೆಗೆ ಎಂದು ಅವರ ಸಿನೊಡ್ (ಧರ್ಮಾಧ್ಯಕ್ಷರ ಸಭೆ) 2021ರಲ್ಲಿ ತೀರ್ಮಾನಿಸಿತು. ಎರ್ನಾಕುಳಂ ಭಾಗದಲ್ಲಿ ಪ್ರತಿಭಟನೆ ಎದ್ದದ್ದು ಅದಕ್ಕೆ. ಅಲ್ಲಿ ‘ಸಂಪ್ರದಾಯ’ ಅಂದರೆ ಪೂರ್ವ ಸಿರಿಯಾಕ್ ಸಂಪ್ರದಾಯ, ಲ್ಯಾಟಿನ್‌ದಲ್ಲ.

ಬೋಧನೆಯ ವಿಷಯದಲ್ಲಿ ನಿಜವಾದ ಭಿನ್ನಾಭಿಪ್ರಾಯ ಇಲ್ಲವೇ?

ಇದೆ. 1968ರ ಗರ್ಭನಿರೋಧದ ಪತ್ರ, ಮಹಿಳೆಯರಿಗೆ ಯಾಜಕತ್ವ ಇಲ್ಲ ಎಂದ 1994ರ ಪತ್ರ, 2023ರ ಡಿಸೆಂಬರ್ 18ರಂದು ಸಲಿಂಗ ಜೋಡಿಗಳಿಗೂ ಪೂಜಾವಿಧಿಯ ಹೊರಗಿನ ಸರಳ ಆಶೀರ್ವಾದ ಕೊಡಬಹುದೆಂದ ಘೋಷಣೆ. ಇವುಗಳ ಮೇಲೆ ವಿದ್ವಾಂಸರೂ ಧರ್ಮಾಧ್ಯಕ್ಷರೂ ಭಿನ್ನವಾಗಿ ಮಾತಾಡಿದ್ದಾರೆ. ಆದರೆ ಇವುಗಳ ಉತ್ತರ ಪೂಜೆಯ ಭಾಷೆಯಲ್ಲೋ ಸೆರಗಿನಲ್ಲೋ ಇಲ್ಲ.

ಪೂಜೆಯಲ್ಲಿ ನಿಜವಾಗಿಯೂ ನಿಯಮ ಮೀರಿದರೆ ಯಾರಿಗೆ ಹೇಳಬೇಕು?

ದೂರು ಕೊಡುವ ಹಕ್ಕು ಪ್ರತಿಯೊಬ್ಬ ಕಥೋಲಿಕರಿಗೂ ಇದೆ. 2004ರ ಸೂಚನೆಯ 184ನೇ ಕಲಮು ಅದನ್ನು ಸ್ಪಷ್ಟವಾಗಿ ಹೇಳುತ್ತದೆ; ಮೊದಲು ಧರ್ಮಾಧ್ಯಕ್ಷರಿಗೆ ಎಂದೂ ಹೇಳುತ್ತದೆ. ಅದಕ್ಕೂ ಮುಂಚೆ ಪಾಲನಾ ಗುರುಗಳನ್ನು ಕಂಡು ಮಾತಾಡಿ. ಪೂಜೆ ಮುಗಿದ ಕೂಡಲೇ ಸಾಕ್ರಿಸ್ತಿಯ (ಗುರುಗಳು ಪೂಜಾವಸ್ತ್ರ ತೊಡುವ ಕೋಣೆಯ) ಬಾಗಿಲಲ್ಲಿ ಬೇಡ, ವಾರದ ನಡುವೆ ಹೋಗಿ. ಪತ್ರ ಬರೆಯುವುದಾದರೆ ಒಂದು ಪುಟ ಸಾಕು: ತಾರೀಖು, ಹೊತ್ತು, ಏನು ಹೇಳಿದರು ಅಥವಾ ಮಾಡಿದರು, ಗ್ರಂಥದಲ್ಲಿ ಏನಿದೆ. ಗುರುಗಳ ಮನಸ್ಸಿನೊಳಗೆ ಏನಿತ್ತು ಎಂದು ಬರೆಯಬೇಡಿ, ಅದು ನಿಮಗೆ ಕಂಡಿಲ್ಲ. ‘ಬಹಳ ಉದ್ದ ಉಪದೇಶ’, ‘ಹಾಡು ಹಿಡಿಸಲಿಲ್ಲ’ ಇವು ದೂರುಗಳಲ್ಲ.

ವಿಡಿಯೊ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರೆ ಬೇಗ ಸರಿಹೋಗುವುದಿಲ್ಲವೇ?

ಸರಿಹೋಗುವುದಿಲ್ಲ. ನಲವತ್ತು ಸೆಕೆಂಡಿನ ತುಣುಕು ರಾತ್ರಿಯೊಳಗೆ ಮುಂಬೈ, ದುಬೈ ಸುತ್ತಿ ಬರುತ್ತದೆ. ಸೋಮವಾರ ಬೆಳಗ್ಗೆ ಪಾಲನಾ ಸಮಿತಿ ಚರ್ಚಿಸುವುದು ಆರತಿಯನ್ನಲ್ಲ, ವಿಡಿಯೊ ಮಾಡಿದವರು ಯಾರು ಎಂಬುದನ್ನು.